ಬೆರಳು ಕಾಣುತ್ತೆ, ಮತ ಕಾಣಲ್ಲ

ಮತದಾನದ ದಿನ ಟಿವಿಯವರಿಗೆ ಅತಿ ಸುಲಭವಾಗಿ ಸಿಗುವ ದೃಶ್ಯ ಯಾವುದು ಹೇಳಿ? ಶಾಯಿ ಹಚ್ಚಿದ ಬೆರಳು. ಸಿನಿಮಾ ನಟರದ್ದು, ಮದುಮಗಳದ್ದು, ವ್ಹೀಲ್‌ಚೇರಿನಲ್ಲಿ ಬಂದ ಅಜ್ಜಿಯದ್ದು. ನಮಗೆ ಅದೊಂದು ಸಂಭ್ರಮ. ಆದರೆ ಅದೇ ಬೆರಳು ಜೀವಕ್ಕೆ ಕುತ್ತು ತಂದ ಊರುಗಳೂ ಇವೆ.

ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಮೊದಲು ಶಾಯಿಯ ವಿಚಾರ. ನಮ್ಮ ದೇಶದ ಶಾಯಿ ತಯಾರಾಗೋದು ಮೈಸೂರಿನಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆಯಲ್ಲಿ. 1962ರ ಚುನಾವಣೆಯಿಂದ ಇದು ಬಳಕೆಯಲ್ಲಿದೆ. ಇದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಅಂಟಿ, ಬೆಳಕು ತಗುಲಿದಾಗ ಕಪ್ಪಾಗುತ್ತೆ. ಸೋಪು ಹಾಕಿ ಉಜ್ಜಿದರೂ ಹೋಗಲ್ಲ. ಹಳೆ ಚರ್ಮ ಉದುರಬೇಕು, ಉಗುರು ಬೆಳೆಯಬೇಕು. ಒಬ್ಬರೇ ಎರಡು ಸಲ ಮತ ಹಾಕಬಾರದು ಅಂತ ಮಾಡಿದ ಗುರುತು ಇದು. ಅಳಿಸಲಾಗದ್ದೇ ಅದರ ಗುಣ. ಅಪಾಯ ಇರೋದೂ ಅಲ್ಲೇ.

2005ರ ಜನವರಿ 30ರ ಇರಾಕನ್ನು ನೋಡಿ. ಸದ್ದಾಂ ಹುಸೇನ್ ಆಡಳಿತ ಉರುಳಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. 275 ಸ್ಥಾನಗಳ ಮಧ್ಯಂತರ ಸಭೆಗೆ ಚುನಾವಣೆ, ಹೊಸ ಸಂವಿಧಾನ ಬರೆಸುವ ಹೊಣೆ ಆ ಸಭೆಯದ್ದು. ಉಗ್ರ ನಾಯಕ ಅಬು ಮುಸಾಬ್ ಅಲ್ ಜರ್ಖಾವಿ ಚುನಾವಣೆಯ ಮೇಲೆಯೇ ಯುದ್ಧ ಸಾರಿದ್ದ. ಕಾರ್ ಬಾಂಬ್ ಭಯಕ್ಕೆ ವಾಹನ ಸಂಚಾರ ನಿಷೇಧಿಸಿ, ಗಡಿಗಳನ್ನು ಮುಚ್ಚಿದ್ದರು. ಜನ ನಡೆದುಕೊಂಡೇ ಬಂದರು. ಆ ದಿನ ದಾಳಿಗಳಲ್ಲಿ ಹತ್ತಾರು ಜನ ಸತ್ತರು. ಆದರೂ ಸುಮಾರು ಶೇಕಡಾ 58ರಷ್ಟು ಮತದಾನವಾಯ್ತು. ಮತ ಹಾಕಿದವರು ನೇರಳೆ ಬೆರಳು ಎತ್ತಿ ತೋರಿಸಿದರು. ಹೆದರಿಸಿದವರ ಕಣ್ಣೆದುರೇ ಬೆರಳು ಎತ್ತುವುದು ಸಣ್ಣ ಮಾತಲ್ಲ.

ಆ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಮೂರೇ ದಿನಕ್ಕೆ, ಫೆಬ್ರವರಿ 2ರಂದು, ಅಧ್ಯಕ್ಷ ಬುಷ್ ಭಾಷಣದ ಹೊತ್ತಿಗೆ ಅಮೆರಿಕದ ಸಂಸತ್ತಿನಲ್ಲಿ ಕೆಲವು ಸದಸ್ಯರು ತಮ್ಮ ಬೆರಳಿಗೂ ನೇರಳೆ ಬಣ್ಣ ಹಚ್ಚಿಕೊಂಡು ಎತ್ತಿ ತೋರಿಸಿದರು! ಬಾಗ್ದಾದಿನ ಬೆರಳು ಯುದ್ಧದ ಸಮರ್ಥನೆಗೆ ಸಾಕ್ಷಿಯಾಗಿಬಿಟ್ಟಿತು. ಆದರೆ ಆ ಬೆರಳಿನವರು ಒತ್ತಿದ್ದು ಯಾರಿಗೆ? ಅತಿ ಹೆಚ್ಚು, 140 ಸ್ಥಾನ ಗೆದ್ದ ಶಿಯಾ ಮೈತ್ರಿಕೂಟ ವಿದೇಶಿ ಸೈನ್ಯ ವಾಪಸ್ ಹೋಗಲು ವೇಳಾಪಟ್ಟಿ ಬೇಕು ಅಂತ ಪ್ರಣಾಳಿಕೆಯಲ್ಲೇ ಕೇಳಿತ್ತು. ಕ್ಯಾಮೆರಾಕ್ಕೆ ಬೆರಳು ಕಂಡಿತು, ಮತಪತ್ರ ಕಾಣಲಿಲ್ಲ.

ಯುದ್ಧ ವಿರೋಧಿ ಪಾಳಯದ ಕೆಲವರು ಇನ್ನೊಂದು ತುದಿಗೆ ಹೋದರು. ಇದೆಲ್ಲ ಸೈನ್ಯದ ಕಾವಲಿನ ನಾಟಕ ಅಂದರು. ಬಾಂಬಿನ ಸದ್ದಿನ ನಡುವೆ ನಡೆದು ಬಂದ ಹೆಂಗಸು ಆ ನಾಟಕದ ಪಾತ್ರಧಾರಿಯಾ? ನನಗಂತೂ ಇದು ಮೊದಲನೆಯದಕ್ಕಿಂತ ಕೆಟ್ಟದ್ದು ಅನ್ಸುತ್ತೆ.

ಇನ್ನು ಬೆರಳೇ ಇಲ್ಲದ ಚಿತ್ರ. ಸುನ್ನಿಗಳೇ ಹೆಚ್ಚಿರುವ ಅನ್ಬಾರ್ ಪ್ರಾಂತ್ಯದಲ್ಲಿ ಅಂದು ಮತ ಹಾಕಿದವರು ಶೇಕಡಾ 2ರಷ್ಟು. ಬಹಿಷ್ಕಾರ ಎಷ್ಟು, ಭಯ ಎಷ್ಟು? ಖಾಲಿ ಮತಗಟ್ಟೆಯಲ್ಲಿ ವಿಷುವಲ್ ಇರಲ್ಲ, ಹಾಗಾಗಿ ಅಂಥ ಸುದ್ದಿ ಯಾವಾಗಲೂ ಹಿಂದಿನ ಬೆಂಚು.

2014ರ ಜೂನ್‌ನಲ್ಲಿ ಅಫ್ಘಾನಿಸ್ತಾನದ ಹೆರಾತ್ ಪ್ರಾಂತ್ಯದಲ್ಲಿ ಮತ ಹಾಕಿ ಬರುತ್ತಿದ್ದ 11 ಮಂದಿಯ ಶಾಯಿ ಬೆರಳನ್ನು ತಾಲಿಬಾನಿಗಳು ಕತ್ತರಿಸಿದರು. ಬಹುತೇಕರು ವಯಸ್ಸಾದವರು. ನಮ್ಮ ಬಸ್ತರ್‌ನಲ್ಲೂ ಮಾವೋವಾದಿಗಳ ಭಯಕ್ಕೆ ‘ಮತ ಹಾಕ್ತೀವಿ, ಶಾಯಿ ಮಾತ್ರ ಬೇಡ’ ಅಂತ ಹಳ್ಳಿಗರು ಕೇಳಿಕೊಂಡ ವರದಿಗಳು ಬಂದಿವೆ. ಬೆರಳು ಬಚ್ಚಿಟ್ಟುಕೊಂಡು ಮನೆಗೆ ಹೋದವರದ್ದೂ ಧೈರ್ಯವೇ, ಅದು ನಮ್ಮ ಫ್ರೇಮಿಗೆ ಸಿಗಲ್ಲ ಅಷ್ಟೇ.

ಅಂಥ ಕಡೆಯಿಂದ ಫುಟೇಜ್ ಬಂದಾಗ ನಾನು ಡೆಸ್ಕಿಗೆ ಕೇಳೋದು ಇಷ್ಟೇ: ಮುಖ ತೋರಿಸಲು ಅವರು ಒಪ್ಪಿದ್ದಾರಾ? ಹಳ್ಳಿ ಹೆಸರು ಬೇಕೇ ಬೇಕಾ? ನಾವು ಓಬಿ ವ್ಯಾನ್ ಮಡಚಿಕೊಂಡು ಸಂಜೆಗೆ ಹೊರಡ್ತೀವಿ. ಆ ಶಾಯಿ ಅವರ ಬೆರಳಲ್ಲಿ ಇನ್ನೂ ವಾರಗಟ್ಟಲೆ ಇರುತ್ತೆ.