ಟೇಕ್ ಓವರ್

ಇಂಗ್ಲಿಷಿನಲ್ಲಿ ‘ಟೇಕ್’ ಎಂದರೆ ತೆಗೆದುಕೊಳ್ಳು. ‘ಓವರ್’ ಎಂದರೆ ಮೇಲೆ. ಇವೆರಡೂ ಕೂಡಿದ ‘ಟೇಕ್ ಓವರ್’ ಎಂಬುದಕ್ಕೆ ‘ಮೇಲೆ ತೆಗೆದುಕೊಳ್ಳು’ ಎಂದು ಅರ್ಥ ಹೇಳಿದರೆ ನಗೆಪಾಟಲಾದೀತು. ಹೀಗೆ ಕ್ರಿಯಾಪದವೊಂದು ಚಿಕ್ಕ ಪದದೊಡನೆ ಬೆರೆತು ಹೊಸ ಅರ್ಥವನ್ನು ಪಡೆಯುವುದು ಆ ಭಾಷೆಯ ಜಾಯಮಾನ. ನಮಗಿದು ಹೊಸತೇನೂ ಅಲ್ಲ. ‘ಕೈಕೊಡು’, ‘ಕೈಬಿಡು’, ‘ಕೈಗೊಳ್ಳು’ ಎಂಬ ಮಾತುಗಳಲ್ಲಿ ಕೈಯೂ ಇದೆ, ಕ್ರಿಯೆಯೂ ಇದೆ; ಆದರೆ ಗೆಳೆಯನು ಕೈಕೊಟ್ಟನೆಂದಾಗ ಯಾರೂ ಅವನ ಅಂಗೈಯನ್ನು ನೋಡುವುದಿಲ್ಲ.

‘ಟೇಕ್ ಓವರ್’ ಎಂದರೆ ಇನ್ನೊಬ್ಬರ ಕೈಯಲ್ಲಿದ್ದ ಹೊಣೆಯನ್ನೋ ಅಧಿಕಾರವನ್ನೋ ತನ್ನ ಕೈಗೆ ತಂದುಕೊಳ್ಳುವುದು. ಕೊಡಗಿನ ಕಾಫಿ ತೋಟವೊಂದಕ್ಕೆ ಹೊಸ ರೈಟರು ಬಂದರೆನ್ನಿ. ಹಳಬರಿಂದ ಹಾಜರಿ ಪುಸ್ತಕವನ್ನೂ ಉಗ್ರಾಣದ ಬೀಗದ ಕೈಯನ್ನೂ ಪಡೆದು ಅವರು ಕೆಲಸವನ್ನು ‘ವಹಿಸಿಕೊಳ್ಳುತ್ತಾರೆ’. ಕಚೇರಿಗಳಲ್ಲಿ ‘ಚಾರ್ಜು ತೆಗೆದುಕೊಂಡರು’ ಎನ್ನುವುದೂ ಇದನ್ನೇ. ಇಲ್ಲಿ ಒಬ್ಬರು ಕೊಡುತ್ತಾರೆ, ಇನ್ನೊಬ್ಬರು ಪಡೆಯುತ್ತಾರೆ, ಜಗಳವಿಲ್ಲ.

ಆದರೆ ಕೊಡುವವನಿಗೆ ಮನಸ್ಸಿಲ್ಲದಿದ್ದರೂ ಇಂಗ್ಲಿಷು ಇದೇ ಮಾತನ್ನು ಬಳಸುತ್ತದೆ. 1834ರ ಏಪ್ರಿಲಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವು ಹಲವು ದಿಕ್ಕುಗಳಿಂದ ಕೊಡಗನ್ನು ಹೊಕ್ಕು ಮಡಿಕೇರಿಯನ್ನು ಹಿಡಿಯಿತು. ದೊರೆ ಚಿಕ್ಕವೀರರಾಜೇಂದ್ರನು ಶರಣಾದನು. ಮುಂದೆ ಅವನನ್ನು ಕಾಶಿಗೆ ಕಳುಹಿಸಲಾಯಿತು. ಮೇ ತಿಂಗಳಲ್ಲಿ ಕರ್ನಲ್ ಫ್ರೇಸರನು ಹೊರಡಿಸಿದ ಘೋಷಣೆಯು, ಜನರೆಲ್ಲರ ಇಚ್ಛೆಯಂತೆ ನಾಡು ಕಂಪನಿಯ ಆಡಳಿತಕ್ಕೆ ಬಂದಿತೆಂದು ಸಾರಿತು. ‘ಕಂಪನಿಯು ಕೊಡಗನ್ನು ಟೇಕ್ ಓವರ್ ಮಾಡಿತು’ ಎಂಬ ವಾಕ್ಯವನ್ನು ಕನ್ನಡಿಸಹೊರಟವನು ಇಲ್ಲಿ ತಡೆದು ನಿಲ್ಲಬೇಕಾಗುತ್ತದೆ. ‘ವಹಿಸಿಕೊಂಡಿತು’ ಎಂದರೆ ಘೋಷಣೆಯ ಮಾತನ್ನು ಒಪ್ಪಿದಂತೆ. ‘ವಶಪಡಿಸಿಕೊಂಡಿತು’ ಎಂದರೆ ಫಿರಂಗಿಗಳನ್ನು ನೆನೆದಂತೆ. ಇಂಗ್ಲಿಷಿನ ಮಾತು ಎರಡನ್ನೂ ಒಂದೇ ಮುಸುಕಿನಲ್ಲಿ ಅಡಗಿಸುತ್ತದೆ. ಕನ್ನಡವು ಒಂದನ್ನು ಆರಿಸಿಕೊಳ್ಳೆಂದು ಒತ್ತಾಯಿಸುತ್ತದೆ. ಯುದ್ಧ ನಡೆದುದರಿಂದ ಎರಡನೆಯದೇ ತಕ್ಕುದೆಂದು ನನ್ನ ಎಣಿಕೆ. ಎರಡರಲ್ಲಿಯೂ ‘ಕೊಳ್ಳು’ ಇದೆಯೆಂಬುದು ಸೋಜಿಗ. ಲಾಭ ಯಾರಿಗೆಂಬುದನ್ನು ಮಾತ್ರ ಆ ಪದ ಮುಚ್ಚಿಡುವುದಿಲ್ಲ.

ಬಳಕೆಯಲ್ಲಿ ಒಂದು ನಿಯಮವುಂಟು. ತೋಟದ ಹೆಸರು ‘ಓವರ್’ ಎಂಬುದಕ್ಕೆ ಮುಂಚೆಯೂ ಬರಬಹುದು, ಅನಂತರವೂ ಬರಬಹುದು. ಆದರೆ ‘ಇಟ್’ ಎಂಬ ಸರ್ವನಾಮವು ನಡುವೆಯೇ ನಿಲ್ಲಬೇಕು. ‘ಟೇಕ್ ಇಟ್ ಓವರ್’ ಸರಿ. ‘ಟೇಕ್ ಓವರ್ ಇಟ್’ ತಪ್ಪು.

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯವನ್ನು ಸೇರಿದುದಕ್ಕೆ ಈ ಮಾತು ಒಪ್ಪುವುದಿಲ್ಲ. ಅದು ಸಂಸತ್ತು ಅಂಗೀಕರಿಸಿದ ರಾಜ್ಯ ಪುನರ್ವಿಂಗಡಣಾ ಕಾಯಿದೆಯಂತೆ ನಡೆಯಿತು. ಅದನ್ನು ‘ವಿಲೀನ’ ಎನ್ನುವುದು ರೂಢಿ.