ಗೌರಿಬಿದನೂರಿಗೆ ಕಾಣದ ಬಿಸಿ ಅನಿಲ

ಪ್ರಶ್ನೆ: ದೈತ್ಯ ಗೆಲಾಕ್ಸಿಗಳ ಸುತ್ತಲಿನ ಬಿಸಿ ಅನಿಲವನ್ನು ಗೌರಿಬಿದನೂರಿನ ದೂರದರ್ಶಕದಿಂದ ನೋಡಬಹುದೇ?

ಆಗದು. ಸಾಲುಸಾಲು ಡೈಪೋಲ್‌ಗಳನ್ನು ‘ಟಿ’ ಆಕಾರದಲ್ಲಿ ನಿಲ್ಲಿಸಿದ ಆ ದೂರದರ್ಶಕ ಹಿಡಿದದ್ದು 34.5 ಮೆಗಾಹರ್ಟ್ಸ್ ರೇಡಿಯೊ ಅಲೆಗಳನ್ನು. ಹತ್ತಾರು ಲಕ್ಷ ಡಿಗ್ರಿ ಕಾದ ಅನಿಲ ಹೊಳೆಯುವುದು ಎಕ್ಸ್-ರೇಯಲ್ಲಿ. ನಂದಿಬೆಟ್ಟದ ತುದಿಯಿಂದಲಾದರೂ ಸಿಗದೇ ಎಂದರೆ, 1,478 ಮೀಟರ್ ಏನೇನೂ ಸಾಲದು. ವಾತಾವರಣ ಎಕ್ಸ್-ರೇಯನ್ನು ಅದಕ್ಕೂ ಎಷ್ಟೋ ಮೇಲೆಯೇ ನುಂಗಿಬಿಡುತ್ತದೆ. ಹಾಗಾಗಿ ಬಾಹ್ಯಾಕಾಶದ ದೂರದರ್ಶಕವೇ ಬೇಕು. ಎನ್‌ಜಿಸಿ 1961 ಎಂಬ ದೈತ್ಯ ಸುರುಳಿ ಗೆಲಾಕ್ಸಿಯ ಸುತ್ತ ‘ಚಂದ್ರಾ’ ಎಂಬ ಬಾಹ್ಯಾಕಾಶ ಎಕ್ಸ್-ರೇ ದೂರದರ್ಶಕ ಈ ಮಂದ ಹೊಳಪನ್ನು ಸುಮಾರು 1.3ರಿಂದ 1.6 ಲಕ್ಷ ಜ್ಯೋತಿರ್ವರ್ಷ ದೂರದವರೆಗೆ ಗುರುತಿಸಿದ್ದು 2011ರಲ್ಲಿ ಪ್ರಕಟವಾಯಿತು. ಅದು ಬಿಡಿ ಬಿಡಿ ಆಕರಗಳ ಬೆಳಕೇ ಇರಬಾರದೇಕೆ? ಅಂಥ ಚುಕ್ಕೆಗಳನ್ನೆಲ್ಲ ಕಳೆದ ಮೇಲೂ ಹರಡಿದ ಹೊಳಪು ಉಳಿಯಿತು. ನನಗೆ ಇನ್ನೂ ಕುತೂಹಲ ಕೆರಳಿಸುವುದು ಲೆಕ್ಕದ ಕೊರತೆ: ಈ ಅನಿಲವನ್ನು ಸೇರಿಸಿದರೂ ಅಲ್ಲಿರಬೇಕಾದ ಸಾಮಾನ್ಯ ದ್ರವ್ಯದಲ್ಲಿ ಸುಮಾರು 75% ಸಿಕ್ಕಿಲ್ಲ.