ಗರ್ಭನಂಜು : ಮಾಸು ರಕ್ತದಲ್ಲಿ ಬರೆದು ಕಳುಹಿಸುವ ಸೂಚನೆ

ಜೀವಿಗಳನ್ನು ಅವು ಹುಟ್ಟುವ ರೀತಿಯಿಂದ ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕಾಗಿ ವಿಂಗಡಿಸುವುದು ನಮ್ಮ ಪ್ರಾಚೀನರ ಪದ್ಧತಿ. ಮನುಷ್ಯನು ಜರಾಯುಜನು. ಜರಾಯುವೆಂದರೆ ಗರ್ಭವನ್ನು ಆವರಿಸಿರುವ ಪೊರೆ. ನಮ್ಮ ಹೆಣ್ಣುಮಕ್ಕಳ ಮಾತಿನಲ್ಲಿ ಅದು ಮಾಸು, ಕೆಲವು ಸೀಮೆಗಳಲ್ಲಿ ಕಸ. ಕೂಸು ಭೂಮಿಗೆ ಬಂದೊಡನೆ ಹೂಳಿ ಮರೆತುಬಿಡುವ ಈ ಅಂಗವನ್ನು ಕಸವೆಂದು ಕರೆದದ್ದು ಸ್ವಲ್ಪ ಕೃತಘ್ನತೆಯೇ ಸರಿ. ಒಂಬತ್ತು ತಿಂಗಳು ಕೂಸಿಗೆ ಅನ್ನವನ್ನೂ ಉಸಿರನ್ನೂ ಒದಗಿಸುವುದು ಅದೇ. ಬಸುರಿಯರನ್ನು ಕಾಡುವ ಭಯಂಕರ ವ್ಯಾಧಿಯೊಂದರ ಮೂಲವೂ ಅದರಲ್ಲಿಯೇ ಇದೆಯೆಂಬುದು ಈಗ ಸ್ಪಷ್ಟವಾಗಿದೆ.

ಆ ವ್ಯಾಧಿಯನ್ನು ವೈದ್ಯರು ಪ್ರೀಎಕ್ಲಾಂಪ್ಸಿಯಾ ಎನ್ನುತ್ತಾರೆ. ಕನ್ನಡದಲ್ಲಿ ಗರ್ಭನಂಜು ಎಂಬ ಹೆಸರು ಬಳಕೆಯಲ್ಲಿದೆ. ಗರ್ಭ ನಿಂತು 20 ವಾರಗಳಾದ ಮೇಲೆ ರಕ್ತದ ಒತ್ತಡವು 140/90ಕ್ಕೆ ಅಥವಾ ಅದಕ್ಕೂ ಮೇಲೆ ಏರಿ, ಮೂತ್ರದಲ್ಲಿ ಪ್ರೋಟೀನು ಹೋಗತೊಡಗಿದರೆ, ಇಲ್ಲವೆ ಯಕೃತ್ತು, ಮೂತ್ರಪಿಂಡ, ಮಿದುಳು ಮೊದಲಾದವು ಕೆಡತೊಡಗಿದರೆ ಅದು ಗರ್ಭನಂಜು. ಜಗತ್ತಿನಲ್ಲಿ ನೂರು ಬಸಿರುಗಳಲ್ಲಿ ಎರಡರಿಂದ ಎಂಟರವರೆಗೆ ಇದು ಕಾಣಿಸಿಕೊಳ್ಳುತ್ತದೆ. ಕೈಮೀರಿದರೆ ಅಪಸ್ಮಾರದಂತಹ ಸೆಳೆತ ಬರುತ್ತದೆ, ಅದೇ ಎಕ್ಲಾಂಪ್ಸಿಯಾ. ಹಿಂದೆ ಇಂತಹ ಸೆಳೆತ ಬಂದ ಬಾಣಂತಿಗೆ ಗಾಳಿ ಸೋಂಕಿದೆಯೆಂದು ಬೇವಿನ ಸೊಪ್ಪು ಹಿಡಿದು ಕುಳಿತವರುಂಟು. ಅಷ್ಟರಲ್ಲಿ ಹೊತ್ತು ಮೀರಿಹೋಗುತ್ತಿತ್ತು.

1843ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಲೀವರ್ ಎಂಬ ವೈದ್ಯನು ಸೆಳೆತ ಬಂದ ಗರ್ಭಿಣಿಯರ ಮೂತ್ರದಲ್ಲಿ ಆಲ್ಬುಮಿನ್ ಇರುವುದನ್ನು ಗುರುತಿಸಿದನು. ರಕ್ತದಲ್ಲಿ ಯಾವುದೋ ವಿಷ ಸೇರಿರಬೇಕೆಂದು ಊಹಿಸಿ ಪಾಶ್ಚಾತ್ಯರು ಇದನ್ನು ಟಾಕ್ಸೀಮಿಯಾ ಎಂದು ಕರೆದರು. ನಮ್ಮವರು ನಂಜು ಎಂದರು. ಹೆಸರೇನೋ ನಿಂತಿತು, ಆದರೆ ಆ ನಂಜು ಯಾವುದೆಂದು ನೂರು ವರ್ಷ ಹುಡುಕಿದರೂ ಸಿಗಲಿಲ್ಲ. ಅದು ಮಾಸಿನಿಂದ ಬರುವಂಥದು ಎಂಬುದಕ್ಕೆ ಮಾತ್ರ ಸಾಕ್ಷ್ಯವಿತ್ತು. ಗರ್ಭಕೋಶದಲ್ಲಿ ಕೂಸೇ ಇಲ್ಲದೆ ಮಾಸಿನ ಅಂಶವಷ್ಟೇ ದ್ರಾಕ್ಷಿಗೊಂಚಲಿನಂತೆ ಬೆಳೆಯುವ ವಿಕೃತ ಬಸಿರಿನಲ್ಲಿಯೂ ಈ ರೋಗ ಬರುತ್ತದೆ; ಮಾಸು ಹೊರಬಿದ್ದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ.

ಗಂಟು ಬಿಚ್ಚಿದ್ದು 2003ರಲ್ಲಿ. ಅಮೆರಿಕದ ಬಾಸ್ಟನ್ ನಗರದಲ್ಲಿ ಮೂತ್ರಪಿಂಡ ತಜ್ಞರಾಗಿದ್ದ, ಭಾರತ ಮೂಲದ ಅನಂತ್ ಕರುಮಂಚಿ ಹಾಗೂ ಅವರ ಸಂಗಡಿಗರು ರೋಗಪೀಡಿತರ ಮಾಸನ್ನು ಪರೀಕ್ಷಿಸಿದಾಗ ಎಸ್-ಫ್ಲಿಟ್-1 ಎಂಬ ಪ್ರೋಟೀನು ಅದರಲ್ಲಿ ಮಿತಿಮೀರಿ ತಯಾರಾಗುತ್ತಿದ್ದುದು ಕಂಡಿತು. ಇದರ ಕಾರ್ಯವನ್ನು ಸ್ವಲ್ಪ ವಿಸ್ತಾರವಾಗಿಯೇ ತಿಳಿಯುವುದು ಒಳ್ಳೆಯದು. ನಮ್ಮ ರಕ್ತನಾಳಗಳ ಒಳಮೈಗೆ ತೆಳುವಾದ ಒಂದು ಪದರವಿದೆ. ಅದನ್ನು ಆರೋಗ್ಯದಿಂದ ಇರಿಸಲು ವಿ.ಇ.ಜಿ.ಎಫ್. ಮತ್ತು ಪಿ.ಎಲ್.ಜಿ.ಎಫ್. ಎಂಬ ಪೋಷಕ ಪ್ರೋಟೀನುಗಳು ರಕ್ತದಲ್ಲಿ ಸಂಚರಿಸುತ್ತಿರುತ್ತವೆ. ಎರಡನೆಯದನ್ನು ಹೇರಳವಾಗಿ ತಯಾರಿಸುವುದು ಮಾಸೇ. ಬಸಿರಿನ ಆರಂಭದಲ್ಲಿ ಮಾಸಿನ ಕಣಗಳು ಗರ್ಭಕೋಶದ ಸುರುಳಿನಾಳಗಳೊಳಗೆ ಹೊಕ್ಕು, ಕಿರಿದಾದ ಅವುಗಳನ್ನು ಅಗಲವಾದ ಕಾಲುವೆಗಳನ್ನಾಗಿ ಮಾಡಬೇಕು. ಈ ಕೆಲಸ ಅರೆಬರೆಯಾದಾಗ ಮಾಸಿಗೆ ರಕ್ತ ಸಾಲದು. ಹಾಗೆ ಬಳಲಿದ ಮಾಸು ಎಸ್-ಫ್ಲಿಟ್-1 ಅನ್ನು ತಾಯಿಯ ರಕ್ತಕ್ಕೆ ಸುರಿಯುತ್ತದೆ. ಅದು ಪೋಷಕ ಪ್ರೋಟೀನುಗಳನ್ನು ದಾರಿಯಲ್ಲಿಯೇ ಹಿಡಿದು ಕಟ್ಟಿಹಾಕುತ್ತದೆ. ಪೋಷಣೆ ತಪ್ಪಿದ ನಾಳಗಳು ಬಿಗಿದುಕೊಂಡು ಒತ್ತಡವೇರುತ್ತದೆ, ಮೂತ್ರಪಿಂಡದ ಜರಡಿ ಸೋರತೊಡಗುತ್ತದೆ. ಬಸುರಿ ಇಲಿಗಳಲ್ಲಿ ಈ ಪ್ರೋಟೀನನ್ನು ಹೆಚ್ಚಿಸಿದಾಗ ಅವುಗಳಿಗೂ ಒತ್ತಡವೇರಿತು, ಮೂತ್ರದಲ್ಲಿ ಪ್ರೋಟೀನು ಬಂತು. 2006ರಲ್ಲಿ ಎಂಡೋಗ್ಲಿನ್ ಎಂಬ ಮತ್ತೊಂದು ಪ್ರೋಟೀನೂ ಈ ಕೇಡಿಗೆ ಕೈಗೂಡಿಸುವುದೆಂದು ತಿಳಿದುಬಂತು.

ಕುಟುಂಬಗಳಿಗೆ ಉಪಯೋಗವಾಗುವ ಸಂಗತಿ ಮುಂದಿನದು. 2004ರಲ್ಲಿ ಶೇಖರಿಸಿಟ್ಟಿದ್ದ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ, ರೋಗಲಕ್ಷಣ ತೋರುವುದಕ್ಕೆ ಸುಮಾರು ಐದು ವಾರ ಮೊದಲೇ ಎಸ್-ಫ್ಲಿಟ್-1 ಏರತೊಡಗುವುದು ಗೊತ್ತಾಯಿತು. ಈ ಎರಡು ಪ್ರೋಟೀನುಗಳ ಪರಸ್ಪರ ಪ್ರಮಾಣವನ್ನು ಅಳೆಯುವ ಪರೀಕ್ಷೆ ಹೀಗೆ ಬಂದಿತು. 2016ರಲ್ಲಿ ಪ್ರಕಟವಾದ ಅಧ್ಯಯನದಂತೆ, ರೋಗದ ಶಂಕೆಯಿರುವ ಗರ್ಭಿಣಿಯಲ್ಲಿ ಈ ಪ್ರಮಾಣ 38 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮುಂದಿನ ಒಂದು ವಾರ ರೋಗ ಬಾರದೆಂದು ನೂರಕ್ಕೆ 99ರಷ್ಟು ಭರವಸೆಯಿಂದ ಹೇಳಬಹುದು. ಹೆಚ್ಚಿದ್ದರೆ ಬಂದೇ ಬರುವುದೆಂದು ಅರ್ಥವಲ್ಲ. ಅಂಥವರಲ್ಲಿ ನಾಲ್ಕು ವಾರಗಳೊಳಗೆ ರೋಗ ತೋರಿದ್ದು ನೂರಕ್ಕೆ 37 ಮಂದಿಗೆ ಮಾತ್ರ. ಈ ಪರೀಕ್ಷೆಯು 'ಇಲ್ಲ' ಎನ್ನುವುದರಲ್ಲಿ ಗಟ್ಟಿ, 'ಉಂಟು' ಎನ್ನುವುದರಲ್ಲಿ ಅಷ್ಟು ಗಟ್ಟಿಯಲ್ಲ. ಸಂಖ್ಯೆ ನೋಡಿ ಮನೆಮಂದಿಯೆಲ್ಲ ಕಂಗೆಡಬೇಕಾದುದಿಲ್ಲ. 2023ರಲ್ಲಿ ಅಮೆರಿಕದ ಸರ್ಕಾರವೂ ಇಂತಹ ಪರೀಕ್ಷೆಯೊಂದಕ್ಕೆ ಅನುಮತಿ ನೀಡಿತು.

ಪರೀಕ್ಷೆಯು ರೋಗವನ್ನು ವಾಸಿಮಾಡದು. ಹೆರಿಗೆಯ ಹೊರತು ಇದಕ್ಕೆ ಪರಿಹಾರವಿಲ್ಲ. ಯಾವಾಗ ಹೆರಿಗೆ ಮಾಡಿಸಬೇಕೆಂಬುದೇ ವೈದ್ಯರ ಧರ್ಮಸಂಕಟ. ಬೇಗ ಮಾಡಿಸಿದರೆ ಕೂಸು ಎಳಸು, ತಡಮಾಡಿದರೆ ತಾಯಿಗೆ ಅಪಾಯ. ಸೆಳೆತವನ್ನು ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಇದೆ. ಅಗ್ಗವಾದ ಈ ಔಷಧಿಯಿಂದ ಸೆಳೆತದ ಅಪಾಯ ಅರ್ಧಕ್ಕಿಂತ ಹೆಚ್ಚು ತಗ್ಗುವುದೆಂದು 2002ರಲ್ಲಿ ಹತ್ತು ಸಾವಿರ ಸ್ತ್ರೀಯರ ಅಧ್ಯಯನದಿಂದ ಸಿದ್ಧವಾಯಿತು. ಅಪಾಯ ಹೆಚ್ಚಿರುವ ಗರ್ಭಿಣಿಯರಿಗೆ ಮೂರನೆಯ ತಿಂಗಳ ಸುಮಾರಿನಿಂದ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ ಅವಧಿಗೆ ಮುನ್ನವೇ ಹೆರಿಗೆ ಮಾಡಿಸಬೇಕಾಗುವಂಥ ಗರ್ಭನಂಜು ಶೇಕಡ 4.3ರಿಂದ 1.6ಕ್ಕೆ ಇಳಿಯಿತೆಂದು 2017ರಲ್ಲಿ ವರದಿಯಾಯಿತು. ಆದರೆ ವೈದ್ಯರು ಹೇಳದೆ ಯಾರೂ ಇದನ್ನು ಅಂಗಡಿಯಿಂದ ತಂದು ನುಂಗಬಾರದು. ಊಟದಲ್ಲಿ ಸುಣ್ಣದ ಅಂಶ ಕಡಿಮೆಯಿರುವವರಿಗೆ ಕ್ಯಾಲ್ಸಿಯಂ ಮಾತ್ರೆ ಸಹಾಯಕ. ಅದು ದಿನಕ್ಕೆ 1500 ಮಿಲಿಗ್ರಾಂ ಬೇಕೆ, 500 ಸಾಕೆ ಎಂಬುದನ್ನು ನಮ್ಮ ಬೆಂಗಳೂರಿನಲ್ಲಿಯೂ ಆಫ್ರಿಕದ ಟಾಂಜಾನಿಯಾದಲ್ಲಿಯೂ ತಲಾ 11,000 ಚೊಚ್ಚಲ ಬಸುರಿಯರಲ್ಲಿ ಪರೀಕ್ಷಿಸಲಾಯಿತು. ಗರ್ಭನಂಜನ್ನು ತಡೆಯುವುದರಲ್ಲಿ ಸಣ್ಣ ಪ್ರಮಾಣವೇನೂ ಹಿಂದೆ ಬೀಳಲಿಲ್ಲವೆಂಬ ಫಲಿತಾಂಶ 2024ರಲ್ಲಿ ಪ್ರಕಟವಾಗಿದೆ. ದಿನಕ್ಕೆ ಮೂರು ಮಾತ್ರೆಗಳ ಬದಲು ಒಂದೇ ಸಾಕಾದರೆ ಬಡವರ ಮನೆಗೆ ಅದು ಸಣ್ಣ ಅನುಕೂಲವಲ್ಲ.

ಪ್ರೋಟೀನು ಅಳೆಯುವ ಪರೀಕ್ಷೆ ದೊಡ್ಡ ಊರುಗಳ ಪ್ರಯೋಗಾಲಯದ ಮಾತು. ಒತ್ತಡ ನೋಡುವ ಪಟ್ಟಿಯೂ ಮೂತ್ರ ಪರೀಕ್ಷೆಯೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಸಿಗುತ್ತವೆ. ಸೀಮಂತದ ದಿನ ಸೊಸೆಯ ಮುಖ ಊದಿಕೊಂಡಿದ್ದರೆ ಕಳೆ ಬಂದಿದೆಯೆಂದು ಹಿರಿಯರು ಹಿಗ್ಗುವುದನ್ನು ನಾನು ಕಂಡಿದ್ದೇನೆ. ಪಾದದ ಬಾವು ಬಸಿರಿನಲ್ಲಿ ಸಹಜವಿರಬಹುದು. ಮುಖ, ಕೈಗಳು ಒಮ್ಮೆಲೇ ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಎದೆಗೂಡಿನ ಕೆಳಗೆ ಬಲಭಾಗದಲ್ಲಿ ನೋವು ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮುಹೂರ್ತ, ತಿಥಿ ನೋಡುವ ಸಂದರ್ಭ ಅದಲ್ಲ. ಚೊಚ್ಚಲ ಬಸಿರು, ಅವಳಿ ಕೂಸು, ಮಧುಮೇಹ, ಮೂತ್ರಪಿಂಡದ ರೋಗ, ತಾಯಿಗೋ ಅಕ್ಕತಂಗಿಯರಿಗೋ ಹಿಂದೆ ಬಂದಿದ್ದ ಗರ್ಭನಂಜು, ಇವುಗಳಲ್ಲಿ ಯಾವುದೊಂದಿದ್ದರೂ ಮೊದಲ ಭೇಟಿಯಲ್ಲಿಯೇ ವೈದ್ಯರಿಗೆ ತಿಳಿಸತಕ್ಕದ್ದು.

ಹೆರಿಗೆಯಾದೊಡನೆ ಎಲ್ಲವೂ ಮುಗಿಯಿತೆನ್ನಲಾಗದು. ಬಾಣಂತನದ ಮೊದಲ ಆರು ವಾರಗಳಲ್ಲಿಯೂ ಒತ್ತಡ ಏರಬಹುದು, ಸೆಳೆತ ಬರಬಹುದು. ಗರ್ಭನಂಜು ಬಂದಿದ್ದ ಸ್ತ್ರೀಯರಿಗೆ ಮುಂದೆ ಹೃದ್ರೋಗ ಬರುವ ಸಂಭವ ಉಳಿದವರಿಗಿಂತ ಸುಮಾರು ಇಮ್ಮಡಿ. ಆದಕಾರಣ ಐವತ್ತರ ವಯಸ್ಸಿನಲ್ಲಿ ಎದೆನೋವೆಂದು ವೈದ್ಯರ ಬಳಿಗೆ ಹೋದ ತಾಯಿಯೂ ಇಪ್ಪತ್ತೈದು ವರ್ಷಗಳ ಹಿಂದಿನ ಆ ಬಸಿರಿನ ಸಂಗತಿಯನ್ನು ಹೇಳಬೇಕಾಗುತ್ತದೆ.